ಹಿತ್ತಲಿಗೆ ಬಂದ ಕೆಂಪು ಹಕ್ಕಿ: ಹೌಸ್ ಫಿಂಚ್ ಚರಿತ್ರೆ ಮತ್ತು ಅದನ್ನು ಬರೆದವರು



ಕನ್ನಡ ಕೂಟದ ವೇದಿಕೆಗೆ ವೈದ್ಯರನ್ನು ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟೆರಾಲ್ ಇವುಗಳಲ್ಲಿ ಒಂದರ ಬಗ್ಗೆ ಉಪದೇಶ ಕಾದಿದೆಯೆಂದೇ ಸಭಿಕರು ತಿಳಿಯುತ್ತಾರೆ. ಊಟದ ಮುಂಚಿನ ಉಪನ್ಯಾಸವಾದರಂತೂ ಆ ಭಯ ಇನ್ನೂ ಹೆಚ್ಚು. ಇಂದು ನಾವು ಆ ಮೂರಕ್ಕೂ ರಜೆ ಕೊಟ್ಟಿದ್ದೇವೆ. ಅಮೆರಿಕದ ಪೂರ್ವ ಭಾಗದಲ್ಲಿ ನೆಲೆಸಿರುವ ನಮ್ಮಲ್ಲಿ ಹಿತ್ತಲಿನಲ್ಲೋ ಡೆಕ್ಕಿನ ಕಂಬಿಗೋ ಹಕ್ಕಿಗಳಿಗೆಂದು ಕಾಳಿನ ಫೀಡರ್ ತೂಗುಹಾಕಿದವರು ಅನೇಕರಿದ್ದಾರೆ. ಆ ಫೀಡರಿಗೆ ಪ್ರತಿದಿನ ಬರುವ ಒಂದು ಹಕ್ಕಿಯ ಚರಿತ್ರೆಯೇ ಇಂದಿನ ವಿಷಯ. ಕೊನೆಗೆ ಕಾಯಿಲೆಯ ಮಾತು ಬಾರದೆ ಇರುವುದಿಲ್ಲ. ಅದು ವೃತ್ತಿಯ ದೋಷವೆಂದು ಕ್ಷಮಿಸಬೇಕು.

ಹಕ್ಕಿಯ ಹೆಸರು ಹೌಸ್ ಫಿಂಚ್. ನಮ್ಮೂರಿನ ಗುಬ್ಬಚ್ಚಿಯಷ್ಟೇ ಗಾತ್ರ, ಕಾಳು ಒಡೆಯಲು ಹೇಳಿ ಮಾಡಿಸಿದಂತಹ ಗಿಡ್ಡನೆಯ ದಪ್ಪ ಕೊಕ್ಕು. ಗಂಡಿನ ಹಣೆ, ಹುಬ್ಬು ಮತ್ತು ಎದೆಯ ಮೇಲೆ ಕುಂಕುಮ ಚೆಲ್ಲಿದಂತಹ ಕೆಂಪು. ಹೆಣ್ಣಿಗೆ ಬೂದುಗಂದಿನ ಸಾಧಾರಣ ಉಡುಗೆ. ಇದು ಎಷ್ಟು ಸಾಮಾನ್ಯವೆಂದರೆ ಅನಾದಿಯಿಂದ ಇಲ್ಲಿಯದೇ ಇರಬೇಕೆಂದು ಯಾರಾದರೂ ಭಾವಿಸುತ್ತಾರೆ. ಆದರೆ 1939ರಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳ ಯಾವ ಹಿತ್ತಲಿನಲ್ಲಿಯೂ ಈ ಹಕ್ಕಿ ಸ್ವತಂತ್ರವಾಗಿ ನೆಲೆಸಿರಲಿಲ್ಲ. ಇದರ ತವರು ಮೆಕ್ಸಿಕೊ ಮತ್ತು ಅಮೆರಿಕದ ಪಶ್ಚಿಮ ಭಾಗ. ನಡುವಿನ ವಿಶಾಲ ಹುಲ್ಲುಗಾವಲನ್ನು ಅದು ತಾನಾಗಿ ದಾಟಿ ಬಂದದ್ದಲ್ಲ. ಪಂಜರದಲ್ಲಿ ಬಂದಿತು.

ಆ ದಿನಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಲೆ ಬೀಸಿ ಹಿಡಿದ ಹೌಸ್ ಫಿಂಚುಗಳನ್ನು ನ್ಯೂಯಾರ್ಕಿನ ಹಕ್ಕಿ ಅಂಗಡಿಗಳಿಗೆ ಸಾಗಿಸಿ, 'ಹಾಲಿವುಡ್ ಫಿಂಚ್' ಎಂಬ ಆಕರ್ಷಕ ಹೆಸರಿಟ್ಟು ಮಾರುತ್ತಿದ್ದರು. ಹಕ್ಕಿಯ ಕೊರಳು ಇಂಪಾದದ್ದು, ಬಣ್ಣ ಚೆಲುವಾದದ್ದು, ಹೆಸರಿನಲ್ಲಿ ಸಿನೆಮಾ ನಗರಿಯ ಥಳಕು. ವ್ಯಾಪಾರಕ್ಕೆ ಇನ್ನೇನು ಬೇಕು? ಆದರೆ 1918ರ ವಲಸೆ ಹಕ್ಕಿ ಒಪ್ಪಂದ ಕಾಯ್ದೆಯ ಪ್ರಕಾರ ಈ ನಾಡಿನ ಕಾಡುಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. 1940ರಲ್ಲಿ ಬ್ರೂಕ್ಲಿನ್‌ನ ಪಕ್ಷಿವೀಕ್ಷಕರೊಬ್ಬರು ಅಂಗಡಿಯ ಪಂಜರದಲ್ಲಿದ್ದ ಹಕ್ಕಿ ಯಾವುದೆಂದು ಗುರುತಿಸಿದರು. ದೂರು ಮುಂದೆ ಹೋಯಿತು. ಸರಕಾರದ ಗಮನಕ್ಕೆ ಬಂದು ಸಾಗಣೆ ನಿಂತಿತು. ಮೊಕದ್ದಮೆಯ ಭಯಕ್ಕೆ ವ್ಯಾಪಾರಿಗಳು ಇದ್ದ ಸರಕನ್ನು ಹೊರಗೆ ಹಾರಿಬಿಟ್ಟರು. ಅದು ಯಾರೂ ಹೆಮ್ಮೆಯಿಂದ ಬರೆದಿಡುವ ಕೆಲಸವಾಗಿರಲಿಲ್ಲ. ಎಂದು, ಎಲ್ಲಿ, ಎಷ್ಟು ಹಕ್ಕಿ ಎಂಬುದಕ್ಕೆ ಲೆಕ್ಕದ ಪುಸ್ತಕ ಉಳಿಯಲಿಲ್ಲ.

ಹಾಗಾದರೆ ನಮಗೆ ಈ ಕಥೆ ಹೇಗೆ ಗೊತ್ತಾಯಿತು? 1941ರಲ್ಲಿ ಲಾಂಗ್ ಐಲೆಂಡಿನ ಜೋನ್ಸ್ ಬೀಚಿನಲ್ಲಿ ಒಂದು ಹೌಸ್ ಫಿಂಚ್ ಕಂಡಿತೆಂದು ಬರೆದಿಟ್ಟವರಿದ್ದರು. 1943ರಲ್ಲಿ ಅದೇ ದ್ವೀಪದ ಬ್ಯಾಬಿಲನ್ ಊರಿನಲ್ಲಿ ಗೂಡು ಸಿಕ್ಕಿತೆಂದು ಬರೆದಿಟ್ಟವರಿದ್ದರು. ಹೀಗೆ ಚದುರಿಹೋಗಿದ್ದ ಟಿಪ್ಪಣಿಗಳನ್ನು ಜಾನ್ ಎಲಿಯಟ್ ಮತ್ತು ರಾಬರ್ಟ್ ಆರ್ಬಿಬ್ ಎಂಬ ಇಬ್ಬರು ಪಕ್ಷಿವೀಕ್ಷಕರು ಒಟ್ಟುಗೂಡಿಸಿ, 1953ರಲ್ಲಿ 'ದಿ ಆಕ್' ಎಂಬ ಪಕ್ಷಿಶಾಸ್ತ್ರದ ಪತ್ರಿಕೆಯಲ್ಲಿ ಲೇಖನವಾಗಿ ಪ್ರಕಟಿಸಿದರು. ರೋಗಿಗೆ ಪ್ರಜ್ಞೆಯಿಲ್ಲದಾಗ ನಾವು ವೈದ್ಯರು ಹೆಂಡತಿಯನ್ನು, ಮಗನನ್ನು, ಪಕ್ಕದ ಮನೆಯವರನ್ನು ಕೇಳಿ ರೋಗದ ಇತಿಹಾಸವನ್ನು ಜೋಡಿಸುವುದುಂಟು. ಅವರು ಮಾಡಿದ್ದು ಅದೇ ಕೆಲಸ.

ಮೊದಲ ಹತ್ತು ವರ್ಷ ಈ ಸಣ್ಣ ಹಿಂಡು ಲಾಂಗ್ ಐಲೆಂಡಿನ ಆಸುಪಾಸಿನಲ್ಲಿಯೇ ತಡಕಾಡಿತು. ಕ್ಯಾಲಿಫೋರ್ನಿಯಾದ ಬಿಸಿಲಿನ ಹಕ್ಕಿಗೆ ನ್ಯೂಯಾರ್ಕಿನ ಹಿಮ ಹೇಗಿದ್ದಿರಬೇಕೆಂಬುದನ್ನು, ಮೊದಲ ಜನವರಿಯಲ್ಲಿ ತೆಳು ಸ್ವೆಟರ್ ತೊಟ್ಟು ರೆಸಿಡೆನ್ಸಿಗೆಂದು ಬಂದಿಳಿದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆ ಮೇಲೆ ಬೆಳವಣಿಗೆ ವೇಗ ಪಡೆಯಿತು. 1950ರ ದಶಕದಲ್ಲಿ ಕನೆಕ್ಟಿಕಟ್, ನ್ಯೂಜೆರ್ಸಿಗಳ ಕಡೆಗೆ, ಅಲ್ಲಿಂದ ದಕ್ಷಿಣಕ್ಕೂ ಪಶ್ಚಿಮಕ್ಕೂ ಊರಿಂದೂರಿಗೆ ಹಬ್ಬಿ, 1990ರ ದಶಕದ ಹೊತ್ತಿಗೆ ಪೂರ್ವದ ಹಕ್ಕಿಗಳು ನಡುನಾಡಿನ ಬಯಲಿನಲ್ಲಿ ಪಶ್ಚಿಮದ ಮೂಲ ಸಂತಾನವನ್ನು ಸಂಧಿಸುವ ಹಂತಕ್ಕೆ ಬಂದಿದ್ದವು. ಕಾಡಿಗಿಂತ ಮನೆಯ ಸೂರು, ತೂಗುಹಾಕಿದ ಹೂವಿನ ಕುಂಡ, ಬಾಗಿಲಿಗೆ ಸಿಕ್ಕಿಸಿದ ಹಾರ ಇವೇ ಅದಕ್ಕೆ ಗೂಡು ಕಟ್ಟುವ ಜಾಗ. ಚಳಿಗಾಲದ ಕೂಳಿಗೆ ಹಿತ್ತಲಿನ ಫೀಡರ್. ಒಂದು ಸೋಜಿಗವನ್ನು ಇಲ್ಲಿ ಹೇಳಬೇಕು: ಕ್ಯಾಲಿಫೋರ್ನಿಯಾದಲ್ಲಿ ಈ ಹಕ್ಕಿ ಬಹುಮಟ್ಟಿಗೆ ಊರು ಬಿಡದ ಜಾತಿ. ಪೂರ್ವಕ್ಕೆ ಬಂದ ಕೆಲವೇ ದಶಕಗಳಲ್ಲಿ ಅದರ ಸಂತತಿಯಲ್ಲಿ ಒಂದಷ್ಟು ಪಾಲು ಚಳಿಗಾಲದಲ್ಲಿ ದಕ್ಷಿಣಕ್ಕೆ ವಲಸೆ ಹೋಗುವುದನ್ನು ರೂಢಿಸಿಕೊಂಡಿತು. ನಮ್ಮ ಹಿರಿಯ ಸದಸ್ಯರು ನಿವೃತ್ತಿಯ ನಂತರ ಫ್ಲಾರಿಡಾ ಕಡೆ ಮುಖ ಮಾಡುವುದನ್ನು ನೆನೆದು ಯಾರಾದರೂ ನಕ್ಕರೆ ನಾವು ಹೊಣೆಯಲ್ಲ.

ಈ ಹಕ್ಕಿಯನ್ನು ವಲಸಿಗರಾದ ನಮ್ಮ ಪ್ರತೀಕವನ್ನಾಗಿ ಮಾಡಿ ಭಾಷಣ ಮುಗಿಸುವುದು ಬಹಳ ಸುಲಭ. ಅಷ್ಟು ಬೇಗ ಮುಗಿಸಲು ಮನಸ್ಸಿಲ್ಲ. ಏಕೆಂದರೆ ಈ ಬೆಳವಣಿಗೆಯ ಬೆಲೆಯನ್ನು ತೆತ್ತವರೂ ಇದ್ದಾರೆ. ಅದನ್ನು ತಿಳಿಯಬೇಕಾದರೆ ಹಕ್ಕಿಯನ್ನು ಸರಿಯಾಗಿ ಗುರುತಿಸಲು ಕಲಿಯಬೇಕು.

ಪೂರ್ವದ ಮೂಲನಿವಾಸಿಯಾದ ಇನ್ನೊಂದು ಕೆಂಪು ಫಿಂಚ್ ಇದೆ: ಪರ್ಪಲ್ ಫಿಂಚ್. ಹೆಸರು ನೇರಳೆಯದಾದರೂ ಬಣ್ಣ ನೇರಳೆಯಲ್ಲ. ಕೋಕಮ್ ಶರಬತ್ತಿನ ಬಣ್ಣವೆಂದರೆ ಕರಾವಳಿಯವರಿಗೆ ತಟ್ಟನೆ ತಿಳಿದೀತು. ಎರಡೂ ಒಂದೇ ಫೀಡರಿನಲ್ಲಿ ಕುಳಿತರೆ ಹೊಸಬರು ತಬ್ಬಿಬ್ಬಾಗುತ್ತಾರೆ. ಗಂಡುಗಳನ್ನು ನೋಡುವಾಗ ಕೆಂಪನ್ನು ಮರೆತು ಪಕ್ಕೆಯನ್ನು ನೋಡಬೇಕು. ಹೌಸ್ ಫಿಂಚಿನ ಹೊಟ್ಟೆಯ ಇಕ್ಕೆಲಗಳಲ್ಲಿ ಕಂದು ಗೀಟುಗಳು ಸ್ಪಷ್ಟವಾಗಿರುತ್ತವೆ. ಅದರ ಕೆಂಪು ತಲೆ, ಎದೆ ಮತ್ತು ಬಾಲದ ಬುಡದಲ್ಲಿ ಮಾತ್ರ ಸೇರಿಕೊಂಡು ಬೆನ್ನು ಕಂದಾಗಿಯೇ ಉಳಿಯುತ್ತದೆ. ಪರ್ಪಲ್ ಫಿಂಚಿನಲ್ಲಿ ಬಣ್ಣ ಬೆನ್ನಿಗೂ ರೆಕ್ಕೆಗೂ ಇಳಿದು ಇಡೀ ಹಕ್ಕಿಯನ್ನು ಅದ್ದಿ ತೆಗೆದಂತಿರುತ್ತದೆ. ಪಕ್ಕೆಯಲ್ಲಿ ಕಂದು ಗೀಟಿನ ಗಡಿಬಿಡಿ ಇರುವುದಿಲ್ಲ. ಹೆಣ್ಣುಗಳಲ್ಲಿ ವ್ಯತ್ಯಾಸ ಇನ್ನೂ ಸುಲಭ, ಆದರೆ ಹೆಣ್ಣನ್ನು ಯಾರೂ ಗಮನವಿಟ್ಟು ನೋಡುವುದಿಲ್ಲ. ಪರ್ಪಲ್ ಫಿಂಚ್ ಹೆಣ್ಣಿಗೆ ಕಣ್ಣಿನ ಮೇಲೆ ದಪ್ಪನೆಯ ಬಿಳಿ ಹುಬ್ಬು, ಕೆನ್ನೆಯ ಮೇಲೆ ಗಾಢ ಕಂದಿನ ಪಟ್ಟೆ. ಮುಖದಲ್ಲಿ ಒಂದು ಖಚಿತವಾದ ಕಳೆ. ಹೌಸ್ ಫಿಂಚ್ ಹೆಣ್ಣಿನ ಮುಖ ಸಪ್ಪೆ, ಹುಬ್ಬೇ ಇಲ್ಲ. ಬಾಲವನ್ನೂ ನೋಡಬಹುದು. ಪರ್ಪಲ್ ಫಿಂಚಿನದು ಗಿಡ್ಡ, ತುದಿಯಲ್ಲಿ ಕಚ್ಚು ಹಾಕಿದಂತಿರುತ್ತದೆ. ಹೌಸ್ ಫಿಂಚಿನದು ಉದ್ದ, ತುದಿ ಬಹುಮಟ್ಟಿಗೆ ಸಮ. ಪಶ್ಚಿಮದ ಬೆಟ್ಟಗಳಲ್ಲಿರುವ ನಮ್ಮ ಸ್ನೇಹಿತರಿಗೆ ಕ್ಯಾಸಿನ್ಸ್ ಫಿಂಚ್ ಎಂಬ ಮೂರನೆಯ ತಲೆನೋವೂ ಇದೆ. ಅದನ್ನು ಅವರಿಗೇ ಬಿಡೋಣ.

ಬಣ್ಣವನ್ನೇ ನಂಬಬಾರದೆಂದು ಏಕೆ ಹೇಳುತ್ತೇವೆಂದರೆ, ಗಂಡು ಹೌಸ್ ಫಿಂಚಿನ ಕೆಂಪು ತಿಂದ ಆಹಾರದಿಂದ ಬರುವುದು. ಗರಿ ಬದಲಾಯಿಸುವ ಕಾಲದಲ್ಲಿ ಹಣ್ಣು ಕಾಳುಗಳಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯ ಚೆನ್ನಾಗಿ ದೊರೆತು ಮೈಗೆ ಹಿಡಿದರೆ ಕೆಂಪು. ಇಲ್ಲವಾದರೆ ಕಿತ್ತಳೆ, ಕೆಲವೊಮ್ಮೆ ಹಳದಿ. ಹಳದಿ ಹೌಸ್ ಫಿಂಚನ್ನು ಕಂಡು ಹೊಸ ಜಾತಿ ಸಿಕ್ಕಿತೆಂದು ಹಿಗ್ಗುವವರಿದ್ದಾರೆ.

ಹೌಸ್ ಫಿಂಚ್ ಏರಿದ ದಶಕಗಳಲ್ಲಿ ಪೂರ್ವದ ಪರ್ಪಲ್ ಫಿಂಚ್ ಇಳಿಯಿತು. ಫೀಡರಿನ ಎದುರಿನ ಜಗಳದಲ್ಲಿ ಹೌಸ್ ಫಿಂಚೇ ಬಹಳ ಸಲ ಗೆಲ್ಲುತ್ತದೆ. ಇಳಿಕೆಗೆ ಅದೊಂದೇ ಕಾರಣವೆನ್ನುವಂತಿಲ್ಲ, ಆದರೆ ಸಂಬಂಧವಿದೆಯೆಂಬುದು ಪಕ್ಷಿತಜ್ಞರ ಅಭಿಪ್ರಾಯ. ಎರಡನ್ನೂ 'ಕೆಂಪು ಹಕ್ಕಿ' ಎಂದು ಒಂದೇ ಸಾಲಿನಲ್ಲಿ ಬರೆದಿಟ್ಟಿದ್ದರೆ ಒಂದರ ಏರಿಕೆಯಲ್ಲಿ ಇನ್ನೊಂದರ ಇಳಿಕೆ ಮುಚ್ಚಿಹೋಗುತ್ತಿತ್ತು.

ಪ್ರಸಂಗವಶಾತ್ ಕಾಳಿನ ಬಗ್ಗೆಯೂ ಒಂದು ಮಾತು. ಹೌಸ್ ಫಿಂಚಿಗೆ ಸೂರ್ಯಕಾಂತಿ ಬೀಜ ಪ್ರಿಯ. ಆದರೆ ಅದರ ನೆಂಟರಾದ ಗೋಲ್ಡ್ ಫಿಂಚ್ ಮತ್ತು ಪೈನ್ ಸಿಸ್ಕಿನ್ ಹಕ್ಕಿಗಳಿಗೆಂದು ಸಣ್ಣ ಸೀಳುಗಳುಳ್ಳ ಕೊಳವೆಗಳಲ್ಲಿ ತುಂಬುವ ಕಪ್ಪನೆಯ ನಯವಾದ ಬೀಜವಿದೆಯಲ್ಲ, ಅಂಗಡಿಯಲ್ಲಿ 'ಥಿಸಲ್' ಎಂದೂ ಚೀಲದ ಮೇಲೆ 'ನೈಜರ್' ಎಂದೂ ಬರೆದಿರುತ್ತದೆ. ಅದು ಥಿಸಲ್ ಖಂಡಿತ ಅಲ್ಲ. ನಮ್ಮ ಹುಚ್ಚೆಳ್ಳು! ಹಳೆಯ ಮೈಸೂರಿನ ಕಡೆ ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಗಿಡ. ಉತ್ತರ ಕರ್ನಾಟಕದವರಿಗೆ ಗುರೆಳ್ಳು, ಜೋಳದ ರೊಟ್ಟಿಯ ಜೊತೆಗಾರ. ಮೂಲ ಇಥಿಯೋಪಿಯ, ಅಮೆರಿಕಕ್ಕೆ ಬರುವುದು ಮುಖ್ಯವಾಗಿ ಭಾರತ, ಇಥಿಯೋಪಿಯ, ಮ್ಯಾನ್ಮಾರ್‌ಗಳಿಂದ. ಕಾಳಿನ ಜೊತೆ ಕಸ್ಕ್ಯೂಟ ಎಂಬ ಬೇರಿಲ್ಲದ ಪರಾವಲಂಬಿ ಬಳ್ಳಿಯ ಬೀಜವೂ ನುಸುಳುವುದರಿಂದ, ಆಮದಾದ ಹುಚ್ಚೆಳ್ಳನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ನಿಮಿಷ ಬಿಸಿ ಮಾಡಬೇಕೆಂದು ಇಲ್ಲಿನ ಕೃಷಿ ಇಲಾಖೆಯ ನಿಯಮ. ಫೀಡರಿನಿಂದ ಉದುರಿದ ಹುಚ್ಚೆಳ್ಳು ಹಿತ್ತಲಿನಲ್ಲಿ ಸಾಮಾನ್ಯವಾಗಿ ಮೊಳೆಯದಿರುವುದಕ್ಕೆ ಕಾರಣ ಅದೇ. ಆ ಚೀಲದಿಂದ ಚಟ್ನಿಪುಡಿ ಮಾಡಬಹುದೇ ಎಂದು ನಮ್ಮನ್ನು ಕೇಳಿದವರುಂಟು. ಅದು ಹಕ್ಕಿಗಳಿಗೆಂದು ಕಟ್ಟಿದ ಕಾಳು, ಮನುಷ್ಯರ ಆಹಾರಕ್ಕೆ ಪರೀಕ್ಷಿಸಿದ್ದಲ್ಲ. ಊರಿನಿಂದ ತರಿಸಿಕೊಳ್ಳಿ.

ಇನ್ನು ಗೋಲ್ಡ್ ಫಿಂಚ್. ಬೇಸಗೆಯಲ್ಲಿ ನಿಂಬೆಹಣ್ಣಿನಂತೆ ಹೊಳೆಯುವ ಗಂಡು, ವರ್ಷಕ್ಕೆರಡು ಬಾರಿ ಗರಿ ಬದಲಾಯಿಸಿ ಚಳಿಗಾಲದಲ್ಲಿ ಮಂಕು ಕಂದಾಗುತ್ತದೆ. 'ನಮ್ಮ ಹಳದಿ ಹಕ್ಕಿಗಳು ಹೊರಟುಹೋದವು' ಎಂದು ಡಿಸೆಂಬರಿನಲ್ಲಿ ಕೊರಗುವವರ ಫೀಡರಿನಲ್ಲಿ ಅವು ಉಡುಗೆ ಬದಲಿಸಿಕೊಂಡು ಕುಳಿತೇ ಇರುತ್ತವೆ. ನ್ಯೂಜೆರ್ಸಿ, ಅಯೋವ, ವಾಷಿಂಗ್ಟನ್ ಮೂರು ರಾಜ್ಯಗಳಿಗೂ ಇದೇ ರಾಜ್ಯಪಕ್ಷಿ.

ಕಂಡದ್ದನ್ನು ಬರೆದಿಡುವ ಪದ್ಧತಿ ಈ ನಾಡಿನಲ್ಲಿ ಹಳೆಯದು. 1900ರಲ್ಲಿ ಫ್ರಾಂಕ್ ಚಾಪ್ಮನ್ ಎಂಬ ಪಕ್ಷಿತಜ್ಞರು, ಕ್ರಿಸ್‌ಮಸ್ ದಿನ ಹಕ್ಕಿಗಳನ್ನು ಬೇಟೆಯಾಡುವ ಬದಲು ಎಣಿಸೋಣವೆಂದು ಕರೆಯಿತ್ತರು. ಮೊದಲ ವರ್ಷ 27 ಜನ ಸೇರಿದರು. ಅದು ಇಂದಿಗೂ ನಿಂತಿಲ್ಲ. ಫೀಡರಿನದೇ ಗಣತಿ ಆರಂಭವಾದದ್ದು ಕೆನಡಾದಲ್ಲಿ. 1976ರಲ್ಲಿ ಎರಿಕಾ ಡನ್ ಎಂಬ ವಿಜ್ಞಾನಿ ಲಾಂಗ್ ಪಾಯಿಂಟ್ ಪಕ್ಷಿ ವೀಕ್ಷಣಾಲಯದ ಮೂಲಕ ಒಂಟಾರಿಯೊ ಪ್ರಾಂತದಲ್ಲಿ ಅದನ್ನು ಪ್ರಾರಂಭಿಸಿದರು. ಹತ್ತು ವರ್ಷಗಳ ನಂತರ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಕೈಜೋಡಿಸಿತು. 1987-88ರ ಚಳಿಗಾಲದಲ್ಲಿ 'ಪ್ರಾಜೆಕ್ಟ್ ಫೀಡರ್‌ವಾಚ್' ಎಂಬ ಹೆಸರಿನಲ್ಲಿ ಖಂಡವ್ಯಾಪಿಯಾಯಿತು. ಮೊದಲ ವರ್ಷವೇ 4,000ಕ್ಕೂ ಹೆಚ್ಚು ಮನೆಯವರು ಹೆಸರು ಕೊಟ್ಟರು.

ಈ ಗಣತಿಯ ನಿಯಮಗಳನ್ನು ಮೊದಲ ಬಾರಿ ಓದಿದಾಗ ನಮಗೆ ವೈದ್ಯಕೀಯ ಕಾಲೇಜಿನ ಸಾಮುದಾಯಿಕ ವೈದ್ಯಶಾಸ್ತ್ರದ ತರಗತಿ ನೆನಪಾಯಿತು. ಇಡೀ ದಿನ ಬಂದುಹೋದ ಹಕ್ಕಿಗಳನ್ನು ಕೂಡಿಸುತ್ತ ಹೋಗಬಾರದು. ಅದೇ ಹಕ್ಕಿ ಹತ್ತು ಬಾರಿ ಬಂದಿರಬಹುದು. ಒಂದು ಜಾತಿಯ ಹಕ್ಕಿಗಳು ಒಂದೇ ನೋಟಕ್ಕೆ ಅತಿ ಹೆಚ್ಚು ಎಷ್ಟು ಕಂಡವೋ ಆ ಸಂಖ್ಯೆಯನ್ನು ಮಾತ್ರ ಬರೆಯಬೇಕು. ಬೆಳಗ್ಗೆ ನಾಲ್ಕು, ಮಧ್ಯಾಹ್ನ ಏಳು, ಸಂಜೆ ಮೂರು ಕಂಡರೆ ಉತ್ತರ ಏಳು, ಹದಿನಾಲ್ಕಲ್ಲ. ಎಣಿಸುವ ದಿನಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅಪರೂಪದ ಹಕ್ಕಿ ಬಂದಿತೆಂದು ಆ ದಿನವನ್ನು ಗಣತಿಯ ದಿನವೆಂದು ಘೋಷಿಸಿಕೊಳ್ಳಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಏನೂ ಬಾರದ ದಿನವನ್ನೂ ಬರೆದು ಕಳುಹಿಸಬೇಕು. ಸ್ನೇಹಿತರ ಮನೆಯಲ್ಲಿ ಹೇಳಿಕೊಳ್ಳಲು ಸೊನ್ನೆ ರುಚಿಸುವುದಿಲ್ಲ. ಆದರೂ ಗಣತಿಯಲ್ಲಿ ಸೊನ್ನೆಯ ತೂಕ ಎಷ್ಟೆಂಬುದು 1994ರಲ್ಲಿ ತಿಳಿಯಿತು.

ಆ ವರ್ಷದ ಆರಂಭದಲ್ಲಿ ವಾಷಿಂಗ್ಟನ್ ನಗರದ ಸುತ್ತಲಿನ ಮೇರಿಲ್ಯಾಂಡ್, ವರ್ಜೀನಿಯಾ ಬಡಾವಣೆಗಳ ಜನ ತಮ್ಮ ಫೀಡರುಗಳಲ್ಲಿ ವಿಚಿತ್ರ ದೃಶ್ಯವನ್ನು ಕಂಡರು. ಹೌಸ್ ಫಿಂಚುಗಳ ಕಣ್ಣು ಕೆಂಪೇರಿ, ಊದಿ, ನೀರು ಸುರಿದು ಪಿಸುರು ಕಟ್ಟಿತ್ತು. ಕೆಲವಕ್ಕೆ ರೆಪ್ಪೆ ಮುಚ್ಚಿಯೇ ಹೋಗಿತ್ತು. ಹಕ್ಕಿಗಳು ಹತ್ತಿರ ಹೋದರೂ ಹಾರದೆ, ಫೀಡರಿನ ಕಡ್ಡಿಗೆ ಕಣ್ಣನ್ನು ಉಜ್ಜುತ್ತ ಕುಳಿತಿರುತ್ತಿದ್ದವು. ನಮ್ಮೂರಿನಲ್ಲಿ 'ಮದ್ರಾಸ್ ಐ' ಎಂದು ಕರೆಯುವ ಕಣ್ಣುಬೇನೆಯನ್ನು ಬಲ್ಲವರಿಗೆ ಚಿತ್ರ ಅಪರಿಚಿತವಲ್ಲ. ಒಂದು ವ್ಯತ್ಯಾಸವೆಂದರೆ, ಮನುಷ್ಯ ಕಪ್ಪು ಕನ್ನಡಕ ಹಾಕಿಕೊಂಡು ವಾರ ಕಾಲ ಮನೆಯಲ್ಲಿರಬಹುದು. ಕಣ್ಣು ಕಾಣದ ಹಕ್ಕಿಗೆ ಹಸಿವು, ಚಳಿ, ಬೆಕ್ಕು, ಗಿಡುಗ ಕಾದಿರುತ್ತವೆ.

ಪರೀಕ್ಷಿಸಿದಾಗ ಸಿಕ್ಕ ರೋಗಾಣು ಮೈಕೊಪ್ಲಾಸ್ಮ ಗ್ಯಾಲಿಸೆಪ್ಟಿಕಮ್. ಕೋಳಿ ಸಾಕಣೆಯವರಿಗೆ ಇದು ಹಳೆಯ ಶತ್ರು; ಫಾರಮ್ಮಿನ ಕೋಳಿಗಳಿಗೆ ದೀರ್ಘಕಾಲದ ಉಸಿರಾಟದ ಕಾಯಿಲೆ ತರುವುದು ಇದೇ. ಮೈಕೊಪ್ಲಾಸ್ಮ ಕುಲದ ಬ್ಯಾಕ್ಟೀರಿಯಗಳಿಗೆ ಕೋಶಭಿತ್ತಿಯಿಲ್ಲ. ಆ ಭಿತ್ತಿಯನ್ನು ಒಡೆದು ಕೊಲ್ಲುವ ಪೆನಿಸಿಲಿನ್ ಇವುಗಳ ಮೇಲೆ ಕೆಲಸ ಮಾಡದಿರುವುದಕ್ಕೆ ಅದೇ ಕಾರಣ. ಕೋಳಿಯಲ್ಲಿದ್ದದ್ದು ಕಾಡುಹಕ್ಕಿಗೆ ದಾಟಿತ್ತು. ಬೇರೆ ಬೇರೆ ರಾಜ್ಯಗಳ ಹಕ್ಕಿಗಳಿಂದ ತೆಗೆದ ರೋಗಾಣುಗಳ ವಂಶವಾಹಿಯನ್ನು ಹೋಲಿಸಿದಾಗ ಅವೆಲ್ಲ ಒಂದೇ ಮೂಲದವೆಂದು ಕಂಡುಬಂದಿತು. ಪೂರ್ವದ ಹೌಸ್ ಫಿಂಚುಗಳೂ ಪಂಜರದಿಂದ ಹಾರಿದ ಕೆಲವೇ ಹಕ್ಕಿಗಳ ಸಂತಾನ. ಅವುಗಳ ವಂಶವಾಹಿಗಳಲ್ಲಿ ವೈವಿಧ್ಯ ಕಡಿಮೆ. ರೋಗ ಅಷ್ಟು ಸಲೀಸಾಗಿ ಹಬ್ಬಿದ್ದಕ್ಕೆ ಇದೂ ನೆರವಾಗಿರಬಹುದೆಂದು ಊಹಿಸಿದವರಿದ್ದಾರೆ.

1994ರ ನವೆಂಬರಿನಲ್ಲಿ ಕಾರ್ನೆಲ್ ಪ್ರಯೋಗಾಲಯ 'ಹೌಸ್ ಫಿಂಚ್ ರೋಗ ಸಮೀಕ್ಷೆ'ಯನ್ನು ಆರಂಭಿಸಿತು. ಆಂಡ್ರೆ ಡಾಂಟ್, ವೆಸ್ಲಿ ಹೊಚಾಚ್ಕ ಮೊದಲಾದ ವಿಜ್ಞಾನಿಗಳು ಅದರ ಅಂಕಿಗಳ ಮೇಲೆ ಮುಂದೆ ಬಹುಕಾಲ ಕೆಲಸ ಮಾಡಿದರು. ಸಮೀಕ್ಷೆಯಲ್ಲಿ ಕೇಳಿದ್ದು ಸರಳ ಪ್ರಶ್ನೆ: ಈ ದಿನ ಹೌಸ್ ಫಿಂಚ್ ಕಂಡಿರಾ? ಕಂಡಿದ್ದರೆ ಅದರ ಕಣ್ಣು ನೋಡಿದಿರಾ? ರೋಗವಿತ್ತೆ, ಇರಲಿಲ್ಲವೆ? ರೋಗ ಕಂಡವರು ಬರೆಯುವುದು ಸಹಜ. ರೋಗವೇ ಇಲ್ಲದ ಊರಿನವರು ತಿಂಗಳ ಮೇಲೆ ತಿಂಗಳು 'ಫಿಂಚ್ ಇದೆ, ಕಣ್ಣು ಆರೋಗ್ಯವಾಗಿದೆ' ಎಂದು ಬರೆದು ಕಳುಹಿಸುತ್ತಿದ್ದರು. ಆ ನೀರಸ ವರದಿಗಳೇ ಈ ಚರಿತ್ರೆಯ ಬೆನ್ನೆಲುಬು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಸ್ಪತ್ರೆಯಲ್ಲಿ ಕುಳಿತ ವೈದ್ಯನಿಗೆ ಕಾಣುವವರೆಲ್ಲ ರೋಗಿಗಳೇ. ಅವನಿಗೆ ಭಿನ್ನರಾಶಿಯ ಅಂಶ ಗೊತ್ತು, ಛೇದ ಗೊತ್ತಿಲ್ಲ. ಒಂದು ಊರಿನಲ್ಲಿ ಹತ್ತು ಜನಕ್ಕೆ ಜ್ವರವೆಂದರೆ, ಆ ಊರಿನಲ್ಲಿ ಇಪ್ಪತ್ತು ಜನವೋ ಇಪ್ಪತ್ತು ಸಾವಿರವೋ ತಿಳಿಯದೆ ಭಯಪಡಬೇಕೋ ಬೇಡವೋ ಹೇಳಲಾಗದು. ಆರೋಗ್ಯವಂತ ಹಕ್ಕಿಗಳನ್ನು ಎಣಿಸಿ ಕಳುಹಿಸಿದ ಸಾವಿರಾರು ಮನೆಗಳವರು ವಿಜ್ಞಾನಿಗಳಿಗೆ ಕೊಟ್ಟದ್ದು ಆ ಛೇದವನ್ನು. ಒಂದು ಊರಿನಿಂದ ಹಿಂದಿನ ತಿಂಗಳು 'ಇಲ್ಲ' ಎಂದು ಬಂದಿದ್ದು ಈ ತಿಂಗಳು 'ಇದೆ' ಎಂದು ಬಂದರೆ, ರೋಗ ಆ ಊರನ್ನು ಮುಟ್ಟಿದ ಕಾಲ ಗೊತ್ತಾಗುತ್ತದೆ. ಹೀಗೆ ನಕ್ಷೆಯ ಮೇಲೆ ತಿಂಗಳು ತಿಂಗಳಿಗೆ ಗೆರೆ ಎಳೆಯುತ್ತ ಹೋದಾಗ, ಮೂರು ನಾಲ್ಕು ವರ್ಷಗಳಲ್ಲಿ ರೋಗ ಪೂರ್ವದ ಇಡೀ ನೆಲೆಯನ್ನು ಆವರಿಸಿದ್ದು ಕಂಡುಬಂದಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅದು ರಾಕಿ ಪರ್ವತಗಳಾಚೆ ಕಾಣಿಸಿಕೊಂಡು ಹಕ್ಕಿಯ ತವರನ್ನೂ ಮುಟ್ಟಿತು. ಕಾಡುಪ್ರಾಣಿಗಳ ಒಂದು ಸಾಂಕ್ರಾಮಿಕವನ್ನು ಮೊದಲ ಹೆಜ್ಜೆಯಿಂದಲೇ ಇಷ್ಟು ಸೂಕ್ಷ್ಮವಾಗಿ ಹಿಂಬಾಲಿಸಿದ ನಿದರ್ಶನಗಳು ವಿರಳ. ಅದನ್ನು ಸಾಧ್ಯಮಾಡಿದವರು ಅಡುಗೆಮನೆಯ ಕಿಟಕಿಯ ಬಳಿ ಪೆನ್ಸಿಲ್ ಹಿಡಿದು ನಿಂತ ಶಾಲಾ ಮಕ್ಕಳು, ಗೃಹಿಣಿಯರು, ನಿವೃತ್ತರು.

2000ದಲ್ಲಿ ಹೊಚಾಚ್ಕ ಮತ್ತು ಡಾಂಟ್ ಪ್ರಕಟಿಸಿದ ಫಲಿತಾಂಶ ಇನ್ನೂ ಸ್ವಾರಸ್ಯಕರ. ಎಲ್ಲಿ ಹೌಸ್ ಫಿಂಚ್ ಬಹಳ ದಟ್ಟವಾಗಿತ್ತೋ ಅಲ್ಲಿ ಇಳಿಕೆಯೂ ತೀವ್ರವಾಗಿತ್ತು. ವಿರಳವಾಗಿದ್ದ ಕಡೆ ಅಷ್ಟು ಬದಲಾಗಲಿಲ್ಲ. ಮೊದಲು ಬೇರೆ ಬೇರೆ ಸಂಖ್ಯೆಯಲ್ಲಿದ್ದ ಊರುಗಳು ರೋಗದ ನಂತರ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದು ನಿಂತವು. ಜನದಟ್ಟಣೆಗೂ ಸೋಂಕಿಗೂ ಇರುವ ಸಂಬಂಧವನ್ನು ನಾವು ಪಠ್ಯಪುಸ್ತಕದಲ್ಲಿ ಓದಿದ್ದೆವು. ಹಿತ್ತಲಿನ ಹಕ್ಕಿ ಅದನ್ನು ಲೆಕ್ಕದಲ್ಲಿ ತೋರಿಸಿತು. ಆ ಮೇಲಿನ ಸಂಶೋಧನೆಗಳಲ್ಲಿ ರೋಗಾಣು ವರ್ಷ ಕಳೆದಂತೆ ಸೌಮ್ಯವಾಗುವ ಬದಲು ಹೆಚ್ಚು ಉಗ್ರವಾದದ್ದು ಕಂಡಿತು. ಹಳೆಯ ರೋಗಾಣುಗಳೆಲ್ಲ ಕಾಲಕ್ರಮೇಣ ಸಾಧುವಾಗುತ್ತವೆಂದು ನಾವು ವಿದ್ಯಾರ್ಥಿಗಳಾಗಿದ್ದಾಗ ಹೇಳಿಕೊಡುತ್ತಿದ್ದುದುಂಟು. ಈ ಹಕ್ಕಿಯ ಮಟ್ಟಿಗೆ ಆ ಪಾಠ ನಿಲ್ಲಲಿಲ್ಲ. ಒಮ್ಮೆ ರೋಗ ಬಂದು ಗುಣವಾದ ಹಕ್ಕಿಗೆ ಬರುವ ರಕ್ಷಣೆ ಪೂರ್ಣವಾದದ್ದಲ್ಲ. ಸೌಮ್ಯ ತಳಿಗಳನ್ನು ಅದು ತಡೆಯುತ್ತದೆ, ಉಗ್ರ ತಳಿಗಳು ದಾಟಿಬಿಡುತ್ತವೆ. ಹೀಗಾಗಿ ಅರೆ ರೋಗನಿರೋಧವೇ ಉಗ್ರತೆಗೆ ಅವಕಾಶವಾಗುತ್ತದೆಂದು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಿವರಣೆ ಬಂದಿತು.

ಈಗ ಅಹಿತಕರವಾದ ಭಾಗ. ಸೋಂಕು ಹರಡುವುದು ಎಲ್ಲಿ? 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಫೀಡರಿನ ಮೇಲೆ ಹೆಚ್ಚು ಹೊತ್ತು ಕಳೆಯುವ ಹಕ್ಕಿಗಳಿಗೇ ರೋಗ ತಗಲುವ ಸಂಭವವೂ, ಅವುಗಳಿಂದಲೇ ಇತರರಿಗೆ ಹರಡುವ ಸಂಭವವೂ ಹೆಚ್ಚೆಂದು ತೋರಿಬಂದಿತು. ರೋಗಿ ಹಕ್ಕಿ ಕಣ್ಣುಜ್ಜಿದ ಕಿಂಡಿಗೆ ಆರೋಗ್ಯವಂತ ಹಕ್ಕಿ ತಲೆ ತೂರಿಸುತ್ತದೆ. ನಾವು ಕರುಣೆಯಿಂದ ತುಂಬಿಟ್ಟ ಕಾಳಿನ ಕೊಳವೆಯೇ ಸೋಂಕಿನ ಸಂತೆ. ಇದೇ ಮಾತು ಬೇರೆ ದೇಶದಲ್ಲಿಯೂ ನಿಜವಾಗಿದೆ. ಬ್ರಿಟನ್ನಿನಲ್ಲಿ 2005ರಿಂದ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಜೀವಿಯ ರೋಗ ಗ್ರೀನ್ ಫಿಂಚುಗಳನ್ನು ಬಡಿದು, 2021ರಲ್ಲಿ ಆ ಹಕ್ಕಿಯನ್ನು ಅಪಾಯದ ಕೆಂಪು ಪಟ್ಟಿಗೆ ಸೇರಿಸಬೇಕಾಯಿತು. ಅಲ್ಲಿಯೂ ಸಂದೇಹದ ಬೆರಳು ತೋಟದ ಫೀಡರುಗಳ ಕಡೆಗೇ ತಿರುಗಿದೆ.

ಮನುಷ್ಯರಿಗೂ ಇದರ ಬಿಸಿ ತಟ್ಟಿದ್ದುಂಟು. 2020-21ರ ಚಳಿಗಾಲದಲ್ಲಿ ಉತ್ತರದ ಕಾಡುಗಳಿಂದ ಪೈನ್ ಸಿಸ್ಕಿನ್ ಹಿಂಡುಗಳು ಅಪಾರ ಸಂಖ್ಯೆಯಲ್ಲಿ ದಕ್ಷಿಣಕ್ಕಿಳಿದವು. ಫೀಡರುಗಳಲ್ಲಿ ಅವುಗಳ ನಡುವೆ ಸಾಲ್ಮೊನೆಲ್ಲ ಹಬ್ಬಿತು. 2021ರಲ್ಲಿ ಹಾಡುಹಕ್ಕಿಗಳಿಗೆ ಸಂಬಂಧಿಸಿದ ಸಾಲ್ಮೊನೆಲ್ಲ ಸೋಂಕು 12 ರಾಜ್ಯಗಳ 29 ಜನರಲ್ಲಿ ಪತ್ತೆಯಾಗಿ, ಅವರಲ್ಲಿ 14 ಮಂದಿ ಆಸ್ಪತ್ರೆ ಸೇರಿದರೆಂದು ಕೇಂದ್ರ ಸರಕಾರದ ರೋಗನಿಯಂತ್ರಣ ಸಂಸ್ಥೆ ವರದಿ ಮಾಡಿತು. ಸತ್ತ ಹಕ್ಕಿಯನ್ನು ಮಕ್ಕಳು ಬರಿಗೈಯಲ್ಲಿ ಎತ್ತಬಾರದು. ಫೀಡರ್ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಫೀಡರನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಲೇಬಾರದು. ಇದಿಷ್ಟನ್ನು ವೈದ್ಯರ ಅಧಿಕಾರದಿಂದ ಹೇಳುತ್ತಿದ್ದೇವೆ.

ಹಾಗಾದರೆ ಫೀಡರನ್ನು ಕಿತ್ತೆಸೆಯಬೇಕೆ? ನಮ್ಮ ಅಭಿಪ್ರಾಯದಲ್ಲಿ ಬೇಡ. ತೂಗುಹಾಕಿದವರು ತೊಳೆಯುವ ಹೊಣೆಯನ್ನೂ ಹೊರಬೇಕು. ಎರಡು ವಾರಕ್ಕೊಮ್ಮೆ ಹಳೆಯ ಕಾಳನ್ನು ಚೆಲ್ಲಿ, ಸಾಬೂನಿನಿಂದ ಉಜ್ಜಿ, ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿದ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿದ ಮೇಲೆಯೇ ಮತ್ತೆ ತುಂಬಬೇಕು. ಕೆಳಗೆ ಬಿದ್ದ ಸಿಪ್ಪೆಯನ್ನೂ ಗುಡಿಸಬೇಕು. ಒಂದು ರೋಗಿ ಹಕ್ಕಿ ಕಂಡರೂ ಫೀಡರನ್ನು ಇಳಿಸಿ, ಕೆಲವು ವಾರ ಖಾಲಿ ಬಿಡಬೇಕು. ಹಕ್ಕಿಗಳು ಉಪವಾಸ ಬೀಳುವುದಿಲ್ಲ. ನಮ್ಮ ಕಾಳು ಅವುಗಳ ಊಟದಲ್ಲಿ ಒಂದು ಪಾಲು ಮಾತ್ರ.

ಗಣತಿಗೆ ಸೇರಬಯಸುವವರಿಗೆ ಕಾಲದ ಮಾಹಿತಿ ಇಷ್ಟು: ಫೀಡರ್‌ವಾಚ್ ನವೆಂಬರಿನಿಂದ ಏಪ್ರಿಲ್ ಕೊನೆಯವರೆಗೆ ನಡೆಯುತ್ತದೆ. ಅಷ್ಟು ಬಿಡುವಿಲ್ಲದವರಿಗೆ ಫೆಬ್ರವರಿಯಲ್ಲಿ ನಾಲ್ಕು ದಿನಗಳ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ಇದೆ; 1998ರಲ್ಲಿ ಇಲ್ಲಿ ಪ್ರಾರಂಭವಾದ ಅದು 2013ರಿಂದ ಭಾರತದಲ್ಲಿಯೂ ನಡೆಯುತ್ತಿದೆ. ಅಂದರೆ ಇಲ್ಲಿ ಮೊಮ್ಮಗಳು ಹೌಸ್ ಫಿಂಚ್ ಎಣಿಸುವ ವಾರಾಂತ್ಯದಲ್ಲಿಯೇ ಊರಿನಲ್ಲಿ ಅಜ್ಜ ತನ್ನ ಅಂಗಳದ ರಾಟವಾಳ, ಪಿಕಳಾರಗಳನ್ನು ಎಣಿಸಬಹುದು. ಎರಡೂ ಒಂದೇ ಕಣಜಕ್ಕೆ ಹೋಗಿ ಸೇರುತ್ತವೆ. ರಾಟವಾಳಗಳನ್ನು ಪಂಜರದ ವ್ಯಾಪಾರದಲ್ಲಿ ಫಿಂಚ್ ಎಂದು ಕರೆದರೂ ಅವು ಬೇರೆ ಕುಟುಂಬದವು. ನಿಜವಾದ ನೆಂಟಸ್ತನ ಬೇಕೆಂದರೆ, ಚಳಿಗಾಲದಲ್ಲಿ ದಕ್ಷಿಣ ಭಾರತಕ್ಕೆ ವಲಸೆ ಬರುವ ಕಾಮನ್ ರೋಸ್ ಫಿಂಚ್ ಇದೆ. ಹೌಸ್ ಫಿಂಚನ್ನೂ ಅದನ್ನೂ 2012ರವರೆಗೆ ಪಕ್ಷಿಶಾಸ್ತ್ರಜ್ಞರು ಒಂದೇ ಕುಲದಲ್ಲಿಟ್ಟಿದ್ದರು.

ಈ ವಿಷಯವನ್ನು ಮನೆಗಳಲ್ಲಿ ಮಾತನಾಡುವಾಗ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಇಂದೂ ಯಾರಾದರೂ ಕೇಳಿಯಾರು. ಎಣಿಸುವ ದಿನ ಕಣ್ಣು ಊದಿದ ಹಕ್ಕಿ ಬಂದರೆ ಅದನ್ನು ಲೆಕ್ಕಕ್ಕೆ ಸೇರಿಸಬೇಕೆ, ಬಿಡಬೇಕೆ? ಸೇರಿಸಬೇಕು. ಜಾತಿಯ ಹೆಸರಿನ ಮುಂದೆ ಅದೂ ಒಂದು ಹಕ್ಕಿಯೇ. ರೋಗದ ಪ್ರಶ್ನೆಗೆ ಎದುರಾಗಿ ಅದನ್ನು ಮತ್ತೊಮ್ಮೆ ನಮೂದಿಸಬೇಕು. ಬರೆದಾದ ಮೇಲೆ ಹೊರಗೆ ಹೋಗಿ ಫೀಡರನ್ನು ಕೆಳಗಿಳಿಸಿ.